ಮಕ್ಕಳೂ ಅಂಕಗಣಿತವೂ

ಸಂಜೆಯ ಹೊತ್ತಿನಲ್ಲಿ ನಮ್ಮ ಪಟ್ಟಣಗಳ ಅನೇಕ ಮನೆಗಳಲ್ಲಿ ನಡೆಯುವ ಒಂದು ಸಣ್ಣ ಕಲಹವನ್ನು ಶ್ರೋತೃಗಳು ಚೆನ್ನಾಗಿ ಬಲ್ಲರು. ಮಗು ಲೆಕ್ಕದ ಪುಸ್ತಕವನ್ನು ತೆರೆದು ಕುಳಿತಿರುತ್ತದೆ. ತಂದೆಯೋ ತಾಯಿಯೋ ಪಕ್ಕದಲ್ಲಿರುತ್ತಾರೆ. ಹತ್ತು ನಿಮಿಷ ಕಳೆಯುವುದರೊಳಗಾಗಿ ಒಬ್ಬರ ಧ್ವನಿ ಏರುತ್ತದೆ, ಇನ್ನೊಬ್ಬರ ಕಣ್ಣು ತುಂಬುತ್ತದೆ. ನಮ್ಮ ಮನೆಯೂ ಇದಕ್ಕೆ ಹೊರತಾಗಿರಲಿಲ್ಲ. ನಮ್ಮ ಮಗಳು ಎರಡನೆಯ ತರಗತಿಯಲ್ಲಿದ್ದಾಗ ಐವತ್ತೆರಡರಿಂದ ಇಪ್ಪತ್ತೇಳನ್ನು ಕಳೆಯುವ ಲೆಕ್ಕವೊಂದನ್ನು ಮಾಡಿದ್ದಳು. ನಾವು ಮಾಡುತ್ತಿದ್ದಂತೆ ಒಂದರ ಕೆಳಗೊಂದು ಬರೆದು ಗೆರೆ ಎಳೆದಿರಲಿಲ್ಲ. ಒಂದು ಅಡ್ಡಗೀಟಿನ ಮೇಲೆ ಮೂರು, ಇಪ್ಪತ್ತು, ಎರಡು ಎಂದು ಮೂರು ಅಂಕಿಗಳನ್ನು ಚದರಿಸಿ, ಕೊನೆಯಲ್ಲಿ ಇಪ್ಪತ್ತೈದು ಎಂದು ಬರೆದಿದ್ದಳು. ಉತ್ತರವೇನೋ ಸರಿಯಾಗಿತ್ತು, ಆದರೆ ಪಕ್ಕದವರನ್ನು ನೋಡಿ ಬರೆದಿರಬೇಕೆಂದು ಶಂಕಿಸಿ ಅದನ್ನು ಹೊಡೆದುಹಾಕಿ, ಕ್ರಮವಾಗಿ ಮಾಡುವಂತೆ ಹೇಳಿದೆವು. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ಸಾಲ ತೆಗೆದುಕೊ ಎಂದೆವು. ಮಗು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಸಾಲ ತಂದರೆ ಅದು ಹತ್ತು ಹೇಗಾಯಿತು? ಅದನ್ನು ಯಾವಾಗ ಹಿಂದಕ್ಕೆ ಕೊಡಬೇಕು?" ಎಂದು ಕೇಳಿತು. ನಮಗೆ ಸಿಟ್ಟು ಬಂದಿತು. ಉತ್ತರ ತಿಳಿಯದೆ ಬಂದ ಸಿಟ್ಟು ಅದು ಎಂಬುದು ಆಮೇಲೆ ಹೊಳೆಯಿತು.

ಕಾಲೇಜಿನಲ್ಲಿ ಚರಿತ್ರೆಯನ್ನು ಬೋಧಿಸುವವರು ನಾವು; ಗಣಿತದಲ್ಲಿ ನಮಗೆ ಹೆಚ್ಚಿನ ಅಧಿಕಾರವಿಲ್ಲ. ಆದರೆ ನಮ್ಮ ತಾತಂದಿರು ಕಲಿತ ಲೆಕ್ಕ ಯಾವುದು, ನಾವು ಕಲಿತದ್ದು ಯಾವುದು, ನಮ್ಮ ಮಕ್ಕಳು ಈಗ ಕಲಿಯುತ್ತಿರುವುದು ಯಾವುದು, ಈ ಬದಲಾವಣೆಗಳು ಏಕೆ ಬಂದುವು ಎಂಬುದನ್ನು ವಿಚಾರಿಸುವುದು ಚರಿತ್ರೆಯ ಕೆಲಸವೇ ಸರಿ. ಆ ದೃಷ್ಟಿಯಿಂದ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ನಮ್ಮ ನಾಡಿನ ಹಳೆಯ ಐಗಳ ಮಠಗಳಲ್ಲಿ ಲೆಕ್ಕವನ್ನು ಹೇಗೆ ಕಲಿಸುತ್ತಿದ್ದರೆಂಬುದಕ್ಕೆ ಒಂದು ಅಪೂರ್ವವಾದ ದಾಖಲೆ ಉಳಿದುಬಂದಿದೆ. 1822ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ, ತನ್ನ ಆಡಳಿತಕ್ಕೆ ಸೇರಿದ ಜಿಲ್ಲೆಗಳಲ್ಲಿ ಎಷ್ಟು ಪಾಠಶಾಲೆಗಳಿವೆ, ಎಷ್ಟು ಮಂದಿ ಕಲಿಯುತ್ತಾರೆ ಎಂದು ಕಲೆಕ್ಟರುಗಳನ್ನು ವಿಚಾರಿಸಿದನು. ಅನೇಕರು ಪಟ್ಟಿಯೊಂದನ್ನು ಕಳುಹಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್ಬೆಲ್ ಮಾತ್ರ 1823ರ ಆಗಸ್ಟ್ ತಿಂಗಳಲ್ಲಿ ದೀರ್ಘವಾದ ವರದಿಯನ್ನು ಬರೆದನು. ಅವನ ಲೆಕ್ಕದಂತೆ ಆ ಜಿಲ್ಲೆಯಲ್ಲಿ 533 ಪಾಠಶಾಲೆಗಳಿದ್ದುವು. ಅವುಗಳಲ್ಲಿ 235 ಕನ್ನಡದವು. ವಿದ್ಯಾರ್ಥಿಗಳು 6,641 ಮಂದಿ, ಎಂದರೆ ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಹುಡುಗರು. ಧರ್ಮಪಾಲರು 1983ರಲ್ಲಿ ಈ ಕಾಗದಪತ್ರಗಳನ್ನೆಲ್ಲ ಒಟ್ಟುಗೂಡಿಸಿ ಅಚ್ಚುಮಾಡಿಸಿದ ಮೇಲೆ ಅವು ಓದುಗರಿಗೆ ಸುಲಭವಾಗಿ ದೊರೆಯುವಂತಾದುವು.

ಕ್ಯಾಂಪ್ಬೆಲ್ಲನ ವರದಿಯನ್ನು ಓದಿದರೆ ಆ ಮಠದ ಜಗಲಿಯೇ ಕಣ್ಣಮುಂದೆ ನಿಲ್ಲುತ್ತದೆ. ಬೆಳಗಿನ ಜಾವದಲ್ಲಿಯೇ ಹುಡುಗರು ಬರಬೇಕು. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಗೌರವಸೂಚಕವಾಗಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರು. ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ: ಇವನು ಸ್ತುತಿಗೂ ಪಾತ್ರನಲ್ಲ, ನಿಂದೆಗೂ ಪಾತ್ರನಲ್ಲ ಎಂದು ಅದರ ಅರ್ಥ. ಮೂರನೆಯವನಿಗೆ ಒಂದು ಮೆಲುವಾದ ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಒಬ್ಬೊಬ್ಬನಿಗೂ ಒಂದೊಂದು ಹೆಚ್ಚುತ್ತ ಹೋಗುವುದು. ಕೊನೆಗೆ ಬಂದವನು ಸಂಕಲನವನ್ನು ಪುಸ್ತಕದಿಂದ ಕಲಿಯಬೇಕಾದ ಅಗತ್ಯವಿರಲಿಲ್ಲವೆಂದು ತೋರುತ್ತದೆ!

ಬರವಣಿಗೆ ಮೊದಲು ಮರಳಿನಲ್ಲಿ, ಬೆರಳಿನಿಂದ. ಆಮೇಲೆ ಹಲಗೆ, ಇಲ್ಲವೆ ಕಡತ. ಬಟ್ಟೆಗೆ ಗಂಜಿಯನ್ನು ಹಾಕಿ ಬಿಗಿಮಾಡಿ, ಪುಸ್ತಕದಂತೆ ಮಡಿಸಿ, ಇದ್ದಲಿನ ಪುಡಿಯನ್ನು ಅಂಟಿನೊಡನೆ ಕಲಸಿ ಬಳಿದು ಕಡತವನ್ನು ಮಾಡುತ್ತಿದ್ದರು. ಬಳಪದಿಂದ ಬರೆದುದನ್ನು ಒದ್ದೆಬಟ್ಟೆಯಿಂದ ಒರೆಸಿದರೆ ಮತ್ತೆ ಹೊಸ ಹಾಳೆ. ಅಕ್ಷರ, ಒತ್ತಕ್ಷರ, ಊರು ಮನುಷ್ಯರ ಹೆಸರುಗಳು ಮುಗಿದ ಮೇಲೆ ಅಂಕಿಗಳು ಬರುತ್ತಿದ್ದುವು. ಕೂಡುವ ಕೋಷ್ಟಕವನ್ನು ಬಾಯಿಪಾಠ ಮಾಡಿ, ನೂರರವರೆಗೆ ಎಣಿಸಿ, ಹಣದ ಸಂಕಲನ ವ್ಯವಕಲನಗಳನ್ನೂ ಗುಣಾಕಾರವನ್ನೂ ಕಲಿಯುತ್ತಿದ್ದರು. ಇಲ್ಲಿ ಒಂದು ವಿಶೇಷವುಂಟು. ಭಿನ್ನರಾಶಿಗಳ ವಿಷಯದಲ್ಲಿ ಉಪಾಧ್ಯಾಯರು ಬಹಳ ಶ್ರಮವಹಿಸುತ್ತಿದ್ದರೆಂದೂ, ಆ ಭಿನ್ನಗಳು ಹತ್ತು ಹತ್ತರಂತೆ ಇಳಿಯದೆ ನಾಲ್ಕು ನಾಲ್ಕರಂತೆ ಇಳಿಯುತ್ತಿದ್ದುವೆಂದೂ ಕ್ಯಾಂಪ್ಬೆಲ್ ಹೇಳುತ್ತಾನೆ. ಕಾಲು, ಕಾಲಿನಲ್ಲಿ ಕಾಲಾದ ವೀಸ, ವೀಸದಲ್ಲಿ ಕಾಲಾದ ಕಾಣಿ. ದಿನಕ್ಕೆ ಎರಡು ಸಲ ಹುಡುಗರೆಲ್ಲ ಸಾಲಾಗಿ ನಿಂತು, ದೊಡ್ಡ ಹುಡುಗನೊಬ್ಬನು ಹೇಳಿಕೊಟ್ಟಂತೆ ಮಗ್ಗಿಯನ್ನೂ ಅಳತೆ ತೂಕಗಳ ಕೋಷ್ಟಕಗಳನ್ನೂ ಒಕ್ಕೊರಲಿನಿಂದ ಒಪ್ಪಿಸುತ್ತಿದ್ದರು. ದೊಡ್ಡವರು ಚಿಕ್ಕವರಿಗೆ ಕಲಿಸುವ ಈ ಪದ್ಧತಿಯನ್ನು ಮದರಾಸಿನ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮೆಚ್ಚಿ, ಅಲ್ಲಿಯ ಅನಾಥಾಲಯದಲ್ಲಿ ಪ್ರಯೋಗಿಸಿ, 1797ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕವನ್ನೇ ಬರೆದನು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳು ಬಹುಕಾಲ ಅದರ ಮೇಲೆಯೇ ನಡೆದುವು.

ಇದನ್ನೆಲ್ಲ ಗಿಳಿಪಾಠವೆಂದು ತಳ್ಳಿಹಾಕುವುದು ಈಗಿನ ಕಾಲದ ಒಂದು ಫ್ಯಾಷನ್. ನಾವು ಅದನ್ನು ಒಪ್ಪಲಾರೆವು. ಆ ಮಗ್ಗಿಗೆ ಒಂದು ಪ್ರಯೋಜನವಿದ್ದಿತು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಎಂಬ ಲೆಕ್ಕ ನಡೆಯುತ್ತಿದ್ದಾಗ ರೂಪಾಯಿನ ಕಾಲು ನಾಲ್ಕಾಣೆ, ವೀಸ ಒಂದಾಣೆ, ಕಾಣಿ ಮೂರು ಪೈ. ಸೇರಿನಲ್ಲಿ ಕಾಲು ಪಾವು. ಹೀಗೆ ಮಠದಲ್ಲಿ ಒಪ್ಪಿಸಿದ ಭಿನ್ನವೇ ಸಂತೆಯಲ್ಲಿ ಕೈಗೆ ಸಿಕ್ಕುವ ನಾಣ್ಯವೂ ತಕ್ಕಡಿಯ ಕಲ್ಲೂ ಆಗಿದ್ದಿತು. ನಮ್ಮ ತಾತನವರು ಒಂದು ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸೇರಿಗೆ ಮೂರಾಣೆಯಂತೆ ಮುಕ್ಕಾಲು ಸೇರಿಗೆ ಎಷ್ಟು ಎಂದು ಯಾರಾದರೂ ಕೇಳಿದರೆ, ಕೇಳಿದವನು ಬಾಯಿ ಮುಚ್ಚುವುದರೊಳಗೆ "ಎರಡೂಕಾಲಾಣೆ" ಎನ್ನುತ್ತಿದ್ದರಂತೆ. ಮುಕ್ಕಾಲು ಮಗ್ಗಿಯಲ್ಲಿ ಅದು ಸಿದ್ಧವಾಗಿಯೇ ಇತ್ತು. ಕಾಗದವಿಲ್ಲ, ಪೆನ್ಸಿಲಿಲ್ಲ. ಈ ನಾಡಿನಲ್ಲಿ ಲೆಕ್ಕವನ್ನು ಬಾಳಿನೊಡನೆ ಸೇರಿಸಿ ಹೇಳುವ ಸಂಪ್ರದಾಯವೂ ಹಳೆಯದೇ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ಬರೆದನು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ ಬರೆದ ಗಣಿತಗ್ರಂಥಕ್ಕೆ ವ್ಯವಹಾರಗಣಿತವೆಂದು ಹೆಸರಿಟ್ಟನು.

ಆದರೆ ಸ್ವತಂತ್ರ ಭಾರತದಲ್ಲಿ 1957ರ ಏಪ್ರಿಲ್ 1ನೆಯ ತಾರೀಖಿನಂದು ರೂಪಾಯಿ ನೂರು ನಯೇ ಪೈಸೆಗಳಾಗಿ ಒಡೆಯಿತು. ಅದರ ಹಿಂದೆಯೇ ಸೇರು, ಮಣಗಳು ಹೋಗಿ ಕಿಲೋಗ್ರಾಂ ಬಂದಿತು. ವೀಸ, ಕಾಣಿಗಳಿಗೆ ಸಂತೆಯಲ್ಲಿ ನೆಲೆ ತಪ್ಪಿತು. ನಮ್ಮ ತಂದೆಯವರು ಶಾಲೆಗೆ ಸೇರಿದ್ದು ಈ ಸಂಧಿಕಾಲದಲ್ಲಿ. ಭಿನ್ನದ ಮಗ್ಗಿಗಳು ಕ್ರಮಕ್ರಮವಾಗಿ ಬಿಟ್ಟುಹೋದುವು. ಆದರೆ ಒಪ್ಪಿಸುವ ಪದ್ಧತಿ ಮಾತ್ರ ಹಾಗೆಯೇ ನಿಂತಿತು. ಕಾರಣ ಹೋಗಿ ಆಚಾರ ಉಳಿಯಿತು. ಇದಕ್ಕೆ ಇನ್ನೊಂದು ಪರಂಪರೆಯೂ ಜೊತೆಗೂಡಿತ್ತು. 1862ರಲ್ಲಿ ಇಂಗ್ಲೆಂಡಿನಲ್ಲಿ, ಪರೀಕ್ಷಾಧಿಕಾರಿಯ ಮುಂದೆ ಎಷ್ಟು ಮಕ್ಕಳು ಓದು, ಬರಹ, ಲೆಕ್ಕಗಳಲ್ಲಿ ತೇರ್ಗಡೆಯಾದರೋ ಅಷ್ಟಕ್ಕೆ ತಕ್ಕ ಹಣವೆಂದು ಗೊತ್ತುಮಾಡಿದರು. ಮದರಾಸು ಪ್ರಾಂತದಲ್ಲಿಯೂ ಅದರ ಅನುಕರಣವಾಯಿತು. ಹಣಕ್ಕಾಗಿ ಉತ್ತರ ಬೇಕಾದಾಗ ಅರ್ಥಕ್ಕೆ ಯಾರು ಕಾಯುತ್ತಾರೆ? ನಾವು ಕಲಿತ "ಪಕ್ಕದ ಮನೆಯ ಸಾಲ" ಆ ವಂಶಕ್ಕೆ ಸೇರಿದ್ದು.

ಬಳ್ಳಾರಿಯ ಹುಡುಗರು ಸಾಲುನಿಂತು ಮಗ್ಗಿ ಒಪ್ಪಿಸುತ್ತಿದ್ದ ಅದೇ ವರ್ಷಗಳಲ್ಲಿ, ಸ್ವಿಟ್ಜರ್ಲೆಂಡಿನ ಇವರ್ಡನ್ ಎಂಬ ಊರಿನಲ್ಲಿ ಪೆಸ್ಟಲಾಟ್ಸಿ ಎಂಬ ವೃದ್ಧನು ಬೇರೊಂದು ರೀತಿಯಲ್ಲಿ ಲೆಕ್ಕವನ್ನು ಕಲಿಸುತ್ತಿದ್ದನು. ಸಂಖ್ಯೆಯ ಹೆಸರಿಗಿಂತ ಮೊದಲು ವಸ್ತು ಬರಬೇಕು ಎಂಬುದು ಅವನ ವಾದ. ಬಟಾಣಿ, ಕಲ್ಲು, ಕಡ್ಡಿಗಳನ್ನು ಕೈಯಲ್ಲಿ ಹಿಡಿದು, ಕೂಡಿಸಿ, ಬೇರ್ಪಡಿಸಿ, ಆಮೇಲೆ ಅಂಕಿಯನ್ನು ಬರೆಯಬೇಕು. ಅವನ ವಿಚಾರಗಳ ಪ್ರಭಾವದಿಂದ ವಾರನ್ ಕೋಲ್ಬರ್ನ್ ಎಂಬವನು 1821ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಲೆಕ್ಕದ ಪುಸ್ತಕವನ್ನು ಪ್ರಕಟಿಸಿದನು. ಆದರೆ ಪೆಸ್ಟಲಾಟ್ಸಿಯ ಶಿಷ್ಯರಲ್ಲಿ ಕೆಲವರು ಅವನ ಗೀಟುಗಳ ಪಟವನ್ನೇ ಮಕ್ಕಳಿಂದ ಬಾಯಿಪಾಠ ಮಾಡಿಸತೊಡಗಿದರು! ಪದ್ಧತಿ ಯಾವುದೇ ಆಗಲಿ, ಸೋಮಾರಿಯ ಕೈಗೆ ಸಿಕ್ಕಿದರೆ ಅದರ ಗತಿ ಇಷ್ಟೇ.

ವಸ್ತುವಿನಿಂದ ಸಂಖ್ಯೆಗೆ ಹೋಗುವ ಈ ದಾರಿಯನ್ನು ಅತ್ಯಂತ ಅಂದವಾಗಿ ಕಟ್ಟಿದವರು ಇಟಲಿಯ ಮರಿಯಾ ಮಾಂಟೆಸ್ಸೋರಿ. 1939ರಲ್ಲಿ ಅವರು ಮದರಾಸಿನ ಅಡಯಾರಿಗೆ ಬಂದು, ಯುದ್ಧದ ಕಾರಣದಿಂದ 1946ರವರೆಗೆ ನಮ್ಮ ದೇಶದಲ್ಲಿಯೇ ನಿಂತರು. ಅವರ ಮಣಿಗಳನ್ನು ನೋಡದ ತಾಯಿತಂದೆಗಳು ಒಮ್ಮೆ ನೋಡಬೇಕು. ಬಿಡಿಮಣಿ ಒಂದು; ಹತ್ತು ಮಣಿಗಳನ್ನು ತಂತಿಗೆ ಪೋಣಿಸಿದರೆ ಒಂದು ಕಡ್ಡಿ; ಹತ್ತು ಕಡ್ಡಿಗಳು ಸೇರಿ ನೂರರ ಚೌಕ; ಹತ್ತು ಚೌಕಗಳು ಸೇರಿ ಸಾವಿರದ ಘನ. ಸಾವಿರವೆಂದರೆ ಒಂದರ ಮುಂದೆ ಮೂರು ಸೊನ್ನೆ ಎಂದು ನಾವು ಕಲಿತೆವು. ಈ ಮಗುವಿಗೆ ಅದು ಎರಡು ಕೈಯಲ್ಲಿ ಹಿಡಿದು ಎತ್ತಬೇಕಾದ ಭಾರ.

ಇಲ್ಲಿ ನಮ್ಮ ಮಗಳ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಐವತ್ತೆರಡು ಎಂದರೆ ಐದು ಕಡ್ಡಿ, ಎರಡು ಬಿಡಿಮಣಿ. ಏಳು ಬಿಡಿಮಣಿಗಳನ್ನು ತೆಗೆಯಬೇಕಾದರೆ ಬಿಡಿ ಸಾಲದು. ಆಗ ಒಂದು ಕಡ್ಡಿಯನ್ನು ಕೊಟ್ಟು ಹತ್ತು ಬಿಡಿಗಳನ್ನು ಪಡೆಯಬೇಕು. ನಾಲ್ಕು ಕಡ್ಡಿ, ಹನ್ನೆರಡು ಬಿಡಿ ಆಯಿತು. ಮೊತ್ತ ಇನ್ನೂ ಐವತ್ತೆರಡೇ. ಹತ್ತು ರೂಪಾಯಿನ ನೋಟನ್ನು ಚಿಲ್ಲರೆ ಮಾಡಿಸಿದಂತೆ. ಇದರಲ್ಲಿ ಸಾಲವೆಂಬುದೇ ಇಲ್ಲ, ಆದ್ದರಿಂದ ಹಿಂದಕ್ಕೆ ಕೊಡುವ ಮಾತೂ ಇಲ್ಲ. ಅಮೆರಿಕದ ವಿಲಿಯಂ ಬ್ರೌನೆಲ್ ಎಂಬ ಪಂಡಿತರು ಇಂತಹ ವ್ಯವಕಲನವನ್ನೇ ಹಿಡಿದು ಮೂರನೆಯ ತರಗತಿಯ ಮಕ್ಕಳ ಮೇಲೆ ಪ್ರಯೋಗ ನಡೆಸಿ 1949ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹೀಗೆ ಬಿಡಿಸುವ ಕ್ರಮವನ್ನು ಅರ್ಥದೊಡನೆ ಕಲಿತ ಮಕ್ಕಳು, ಯಾಂತ್ರಿಕವಾಗಿ ಕಲಿತವರಿಗಿಂತ, ಹೊಸ ಲೆಕ್ಕ ಎದುರಾದಾಗ ಚೆನ್ನಾಗಿ ನಿಭಾಯಿಸಿದರು.

ಹಾಗಾದರೆ ಮಗಳು ಬರೆದ ಮೂರು, ಇಪ್ಪತ್ತು, ಎರಡು ಯಾವುವು? ಅವಳು ಕಳೆದೇ ಇರಲಿಲ್ಲ. ಇಪ್ಪತ್ತೇಳರ ಮೇಲೆ ನಿಂತು ಐವತ್ತೆರಡಕ್ಕೆ ನಡೆದುಹೋಗಿದ್ದಳು. ಇಪ್ಪತ್ತೇಳರಿಂದ ಮೂವತ್ತಕ್ಕೆ ಮೂರು ಹೆಜ್ಜೆ, ಮೂವತ್ತರಿಂದ ಐವತ್ತಕ್ಕೆ ಇಪ್ಪತ್ತು, ಅಲ್ಲಿಂದ ಮುಂದೆ ಎರಡು. ಆ ಅಡ್ಡಗೀಟೇ ಸಂಖ್ಯೆಗಳ ಹಾದಿ. ಎರಡು ಸಂಖ್ಯೆಗಳ ನಡುವಣ ದೂರವೇ ಅವುಗಳ ವ್ಯತ್ಯಾಸ ಎಂಬ ದೊಡ್ಡ ತತ್ತ್ವವನ್ನು ಏಳು ವರ್ಷದ ಮಗು ಅರಿತುಕೊಂಡಿತ್ತು. ಅದನ್ನು ನಾವು ಕೆಂಪು ಶಾಯಿಯಿಂದ ಹೊಡೆದುಹಾಕಿದ್ದೆವು.

ಮಕ್ಕಳ ತಪ್ಪುಗಳಲ್ಲಿಯೂ ಎಷ್ಟೋ ವೇಳೆ ವಿಚಾರವಿರುತ್ತದೆ. ನೂರ ಏಳು ಎಂದು ಹೇಳಿದರೆ ಅನೇಕ ಮಕ್ಕಳು 1007 ಎಂದು ಬರೆಯುತ್ತಾರೆ. ಇದು ದಡ್ಡತನವಲ್ಲ. ಕಿವಿಗೆ ಕೇಳಿದ್ದು ನೂರು, ಆಮೇಲೆ ಏಳು. ಕೈ ಬರೆದದ್ದೂ ನೂರು, ಆಮೇಲೆ ಏಳು. ನಾಲಗೆ ಕೂಡಿಸುತ್ತದೆ, ಬರಹ ಸ್ಥಾನವನ್ನು ನೋಡುತ್ತದೆ ಎಂಬ ಭೇದ ಇನ್ನೂ ತಿಳಿದಿಲ್ಲವಷ್ಟೆ. ಈ ವಿಷಯದಲ್ಲಿ ಕನ್ನಡ ಮಾತೃಭಾಷೆಯ ಮಗುವಿಗೆ ಒಂದು ಅನುಕೂಲವುಂಟು. ಹನ್ನೊಂದು, ಹನ್ನೆರಡು ಎಂಬ ಮಾತುಗಳ ಒಳಗೆಯೇ ಹತ್ತೂ ಒಂದು, ಹತ್ತೂ ಎರಡು ಅಡಗಿವೆ; ಇಪ್ಪತ್ತೆಂದರೆ ಎರಡು ಹತ್ತು, ಎಂಬತ್ತೆಂದರೆ ಎಂಟು ಹತ್ತು. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಎಂಬ ಶಬ್ದಗಳಲ್ಲಿ ಮಗುವಿಗೆ ಹತ್ತು ಕಾಣುವುದೇ ಇಲ್ಲ. ಇಂಗ್ಲಿಷ್ ಶಾಲೆಗೆ ಕಳುಹಿಸಿದ ಮಾತ್ರಕ್ಕೆ ಮನೆಯಲ್ಲಿಯೂ ಇಂಗ್ಲಿಷಿನಲ್ಲಿಯೇ ಎಣಿಸಬೇಕೆಂದು ಹಟಹಿಡಿಯುವ ತಾಯಂದಿರು ಇದನ್ನು ಸ್ವಲ್ಪ ಆಲೋಚಿಸಬಹುದು. ನಾವೂ ಇಂಗ್ಲಿಷನ್ನು ಓದಿ ಉದ್ಯೋಗ ಹಿಡಿದವರೇ. ಆದರೆ ಮನಸ್ಸಿನಲ್ಲಿ ಕೂಡಿಸುವಾಗ ಈ ಹೊತ್ತಿಗೂ ಕನ್ನಡದಲ್ಲಿಯೇ ಕೂಡಿಸುತ್ತೇವೆ.

ಬೆರಳು ಎಣಿಸುವುದನ್ನು ಕಂಡು ಗದರಿಸುವುದೂ ಬೇಡ. ನಾಲ್ಕೂ ಮೂರೂ ಎಷ್ಟೆಂದರೆ ಮಗು ಮೊದಮೊದಲು ಏಳು ಬೆರಳುಗಳನ್ನೂ ಒಂದರಿಂದಲೇ ಎಣಿಸುತ್ತದೆ. ಕೆಲವು ಕಾಲದ ಮೇಲೆ ನಾಲ್ಕನ್ನು ಹಾಗೆಯೇ ಇಟ್ಟುಕೊಂಡು ಐದು, ಆರು, ಏಳು ಎಂದು ಮುಂದುವರಿಯುತ್ತದೆ. ಇನ್ನೂ ಮುಂದೆ ಎಂಟೂ ಐದೂ ಎಷ್ಟೆಂದರೆ, ಐದರಿಂದ ಎರಡನ್ನು ತೆಗೆದು ಎಂಟನ್ನು ಹತ್ತುಮಾಡಿ, ಉಳಿದ ಮೂರನ್ನು ಸೇರಿಸಿ ಹದಿಮೂರು ಎನ್ನುತ್ತದೆ. ಇವು ಮೆಟ್ಟಿಲುಗಳು. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ಬೆರಳಾಟ.

ಹಾಗೆಂದು ಮಗ್ಗಿ ಬೇಡವೆಂದು ಹೇಳಲು ನಾವು ಸಿದ್ಧರಿಲ್ಲ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು ಎಂದು ಹೇಳುವಾಗಿನ ಲಯದಲ್ಲಿ ಒಂದು ಆನಂದವೂ ಇದೆ. ದೊಡ್ಡ ಲೆಕ್ಕದ ನಡುವೆ ಏಳೆಂಟ್ಲ ಎಷ್ಟೆಂದು ತಡಕಾಡುವ ಮಗು ಲೆಕ್ಕದ ಎಳೆಯನ್ನೇ ಕಳೆದುಕೊಳ್ಳುತ್ತದೆ. ಆದರೆ ಏಳೆಂಟ್ಲ ಮರೆತಾಗ, ಏಳುನಾಲ್ಕ್ಲ ಇಪ್ಪತ್ತೆಂಟು, ಅದರ ಇಮ್ಮಡಿ ಐವತ್ತಾರು ಎಂದು ತಾನೇ ಕಂಡುಕೊಳ್ಳುವ ಮಗುವಿಗೆ ಮರೆವಿನ ಭಯವಿರುವುದಿಲ್ಲ. 2025ರಲ್ಲಿ ನೇಚರ್ ಎಂಬ ವಿಜ್ಞಾನಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ಇಲ್ಲಿ ನೆನಪಿಗೆ ಬರುತ್ತದೆ. ದೆಹಲಿ, ಕಲ್ಕತ್ತೆಗಳ ಸಂತೆಗಳಲ್ಲಿ ವ್ಯಾಪಾರಮಾಡುವ ಮಕ್ಕಳು ತಮ್ಮ ಸರಕಿನ ಬೆಲೆಯನ್ನು ಮನಸ್ಸಿನಲ್ಲಿಯೇ ಥಟ್ಟನೆ ಹೇಳಿದರು. ಶಾಲೆಯ ರೀತಿಯಲ್ಲಿ ಬರೆದುಕೊಟ್ಟಾಗ ಎಡವಿದರು. ಶಾಲೆಯಲ್ಲಿ ಮಾತ್ರ ಕಲಿತ ಮಕ್ಕಳು ಸಂತೆಯ ಲೆಕ್ಕದಲ್ಲಿ ಎಡವಿದರು. ಮಠದ ಜಗಲಿಯನ್ನೂ ಸಂತೆಯನ್ನೂ ಕೂಡಿಸಿದ್ದ ಸೇತುವೆ ಎಲ್ಲಿಯೋ ಮುರಿದುಬಿದ್ದಿದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅದನ್ನು ಮತ್ತೆ ಕಟ್ಟುವ ಪ್ರಯತ್ನಗಳು ನಮ್ಮಲ್ಲಿ ನಡೆಯದೆ ಇಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ಕಾರ್ಡುಗಳನ್ನೂ ಕಲ್ಲುಕಡ್ಡಿಗಳನ್ನೂ ಹಿಡಿದು, ಗುಂಪಾಗಿ ಕುಳಿತು, ತಮ್ಮ ತಮ್ಮ ವೇಗದಲ್ಲಿ ಮುಂದುವರಿಯುತ್ತಾರೆ. ಪಟ್ಟಣದ ವಿದ್ಯಾವಂತರು ಇದನ್ನು ಬಡವರ ಶಾಲೆಯ ವಿಷಯವೆಂದು ಕಡೆಗಣಿಸಿ, ಅದೇ ಮಣಿ ಅದೇ ಕಡ್ಡಿಗಳಿಗೆ ಬೇರೆಡೆಯಲ್ಲಿ ದೊಡ್ಡ ಶುಲ್ಕವನ್ನು ತೆರುವುದು ಒಂದು ವಿನೋದ.

ಮನೆಯವರು ಮಾಡಬಹುದಾದುದು ಏನು? 2015ರಲ್ಲಿ ಅಮೆರಿಕದಲ್ಲಿ ಒಂದು, ಎರಡನೆಯ ತರಗತಿಗಳ ಮಕ್ಕಳನ್ನು ಕುರಿತು ಪ್ರಕಟವಾದ ಸಂಶೋಧನೆಯೊಂದರಲ್ಲಿ, ಲೆಕ್ಕಕ್ಕೆ ತಾವೇ ಅಂಜುವ ತಾಯಿತಂದೆಗಳು ಪದೇಪದೇ ಮನೆಪಾಠಕ್ಕೆ ಕೈಹಾಕಿದಾಗ ಆ ಮಕ್ಕಳು ವರ್ಷದ ಕೊನೆಗೆ ಕಡಮೆಯೇ ಕಲಿತಿದ್ದರೆಂದು ಕಂಡುಬಂದಿತು. ಅಂಜಿಕೆ ಅಂಟುಜಾಡ್ಯ. ಆದ್ದರಿಂದ ಪಾಠ ಹೇಳುವುದಕ್ಕಿಂತ ಆಟವಾಡುವುದು ಮೇಲು. ಹಾವು ಏಣಿಯ ಪಟ, ಚೌಕಾಬಾರ, ಇವುಗಳಲ್ಲಿ ಮಗು ಮನೆಮನೆಯಾಗಿ ಕಾಯನ್ನು ನಡೆಸುವಾಗ ಸಂಖ್ಯೆಗಳ ಹಾದಿಯನ್ನೇ ತುಳಿಯುತ್ತಿರುತ್ತದೆ. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಹುಣಿಸೆಬೀಜವನ್ನು ಹಂಚುವ ಅಜ್ಜಿ, ಭಾಗಾಕಾರವೆಂಬ ಹೆಸರನ್ನೆತ್ತದೆ ಭಾಗಾಕಾರವನ್ನು ಕಲಿಸುತ್ತಾಳೆ. ಪುಸ್ತಕದ ಲೆಕ್ಕವನ್ನೇ ನೋಡಬೇಕಾಗಿ ಬಂದರೆ, ನಮ್ಮ ಕ್ರಮವನ್ನು ತೋರಿಸುವುದಕ್ಕೆ ಮುಂಚೆ "ನೀನು ಹೇಗೆ ಮಾಡಿದೆ?" ಎಂದು ಒಂದು ಮಾತು ಕೇಳಿ, ಉತ್ತರ ಮುಗಿಯುವವರೆಗೂ ಸುಮ್ಮನಿರಬೇಕು. ಈ ಸುಮ್ಮನಿರುವುದು ಬಹಳ ಕಷ್ಟ. ಅನುಭವದಿಂದ ಹೇಳುತ್ತೇವೆ.

ಕೆಂಪು ಶಾಯಿಯ ಪ್ರಸಂಗವನ್ನು ಕೆಲವು ದಿನಗಳಾದಮೇಲೆ ನಮ್ಮ ತಂದೆಯವರಿಗೆ ಹೇಳಿದೆವು. ಅವರು ಪುಸ್ತಕವನ್ನು ತರಿಸಿ ನೋಡಿ ನಕ್ಕರು. "ಇದು ಹೊಸ ಪದ್ಧತಿಯಲ್ಲ, ನಿಮ್ಮ ತಾತ ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದುದು ಹೀಗೆಯೇ. ಬೆಲೆಯಿಂದ ಹೊರಟು, ಗಿರಾಕಿ ಕೊಟ್ಟ ನೋಟಿನವರೆಗೆ ಕಾಸುಗಳನ್ನು ಒಂದೊಂದಾಗಿ ಇಡುತ್ತ ಹೋಗುತ್ತಿದ್ದರು, ಕಳೆಯುವ ಗೋಜಿಗೇ ಹೋಗುತ್ತಿರಲಿಲ್ಲ" ಎಂದರು. ಆಮೇಲೆ ಮೊಮ್ಮಗಳನ್ನು ಕರೆದು, ಅರವತ್ತೆಂಟು ರೂಪಾಯಿನ ಸಾಮಾನಿಗೆ ನೂರು ರೂಪಾಯಿ ಕೊಟ್ಟರೆ ಎಷ್ಟು ಬರಬೇಕೆಂದು ಕೇಳಿದರು. ಅವಳು ನಮ್ಮ ಮುಖವನ್ನೊಮ್ಮೆ ನೋಡಿದಳು. ನಾವು ಸುಮ್ಮನಿದ್ದೆವು. ಎಪ್ಪತ್ತಕ್ಕೆ ಎರಡು, ನೂರಕ್ಕೆ ಮೂವತ್ತು ಎಂದು ತನ್ನಷ್ಟಕ್ಕೆ ತಾನೇ ಹೇಳಿಕೊಂಡು, "ಮೂವತ್ತೆರಡು" ಎಂದಳು.